ಕೆಂಪು ಮಾತ್ರೆಗೆ ಒಂದು ಹೊತ್ತು, ಒಂದು ಜಾಗ

(ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ, ಚರ್ಚಿಸುವುದಕ್ಕಾಗಿ)



ಸಂಘದ ಸಭೆಗೆ ಬಂದಾಗ ಬಸುರಿ ಸದಸ್ಯೆಯರನ್ನು ನಾವು ತಪ್ಪದೆ ಒಂದು ಪ್ರಶ್ನೆ ಕೇಳುತ್ತೇವೆ: "ಐರನ್ ಮಾತ್ರೆ ತಗೊಳ್ತಾ ಇದ್ದೀರಾ?" ಉತ್ತರ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ: "ಹೂಂ, ತಗೊಳ್ತಾ ಇದೀನಿ." "ಹಾಗಾದ್ರೆ ಮಾತ್ರೆ ಸ್ಟ್ರಿಪ್ ತಂದು ತೋರಿಸ್ತೀರಾ?" ಅಂದರೆ ಮಾತ್ರ ನಗು, ಪಿಸುಮಾತು ಶುರುವಾಗುತ್ತೆ. ಮನೆಗೆ ಹೋಗಿ ನೋಡಿದರೆ ಗೂಡಿನಲ್ಲೋ, ದೇವರ ಪಟದ ಹಿಂದೆಯೋ, ಅಕ್ಕಿ ಡಬ್ಬದ ಮೇಲೋ ತುಂಬಿದ ಸ್ಟ್ರಿಪ್ಪುಗಳು ಹಾಗೇ ಇರುತ್ತವೆ. ಒಂದೆರಡು ಗುಂಡಿ ಮಾತ್ರ ಖಾಲಿ.

ಇದರಲ್ಲಿ ಯಾರನ್ನೂ ಬೈಯುವಂಥದ್ದಿಲ್ಲ. ಇಡೀ ದೇಶದಲ್ಲೇ ಪರಿಸ್ಥಿತಿ ಹೀಗಿದೆ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಬಸುರಿನಲ್ಲಿ 100 ದಿನವಾದರೂ ಈ ಮಾತ್ರೆ ನುಂಗಿದ ತಾಯಂದಿರು ನೂರಕ್ಕೆ 44 ಮಂದಿ. ಪೂರ್ತಿ 180 ದಿನ ನುಂಗಿದವರು ನೂರಕ್ಕೆ 26 ಮಂದಿ ಮಾತ್ರ. ಅದೇ ಸಮೀಕ್ಷೆಯಲ್ಲಿ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, ಅಂದರೆ ನೂರಕ್ಕೆ 52 ಮಂದಿಗೆ, ರಕ್ತಹೀನತೆ ಇತ್ತು. ಮಾತ್ರೆ ಪುಕ್ಕಟೆ ಸಿಗುತ್ತೆ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ತಂದು ಕೊಡುತ್ತಾರೆ. ಆದರೂ ಅದು ಹೊಟ್ಟೆ ಸೇರುತ್ತಿಲ್ಲ. ಯಾಕೆ ಅಂತ ಈ ಪಾಠದಲ್ಲಿ ನೋಡೋಣ.

ಒಂದು ಬಸುರಿನ ಜಮಾ-ಖರ್ಚು

ನೀವೆಲ್ಲ ಲೆಕ್ಕ ಬಲ್ಲವರು. ವಾರದ ಉಳಿತಾಯ, ಸಾಲದ ಕಂತು, ಬಡ್ಡಿ ಎಲ್ಲ ಬೆರಳ ತುದಿಯಲ್ಲಿ ಹೇಳ್ತೀರಿ. ಹಾಗಾಗಿ ಇದನ್ನೂ ಲೆಕ್ಕದಲ್ಲೇ ಹೇಳುತ್ತೇವೆ.

ಒಂದು ಬಸುರಿಗೆ ತಾಯಿಯ ಮೈಯಿಂದ ಆಗುವ ಕಬ್ಬಿಣದ ಖರ್ಚು ಸುಮಾರು 1000 ಮಿಲಿಗ್ರಾಂ. ಅದರಲ್ಲಿ ಸುಮಾರು 300 ಮಿಲಿಗ್ರಾಂ ಮಗುವಿಗೆ ಮತ್ತು ಮಾಸಿಗೆ (ಕಸಕ್ಕೆ) ಹೋಗುತ್ತೆ. ಸುಮಾರು 500 ಮಿಲಿಗ್ರಾಂ ತಾಯಿಯ ಮೈಯಲ್ಲಿ ಹೊಸದಾಗಿ ತಯಾರಾಗುವ ರಕ್ತಕ್ಕೆ ಬೇಕು. ಉಳಿದ 200ರಷ್ಟು ದಿನಾ ಸವೆದು ಹೋಗುತ್ತೆ. ಒಟ್ಟು ಸೇರಿಸಿದರೆ ಒಂದೇ ಒಂದು ಗ್ರಾಂ. ಚಿನ್ನದ ಅಂಗಡಿಯಲ್ಲಿ ತೂಗಿದರೆ ಒಂದು ಮೂಗುಬೊಟ್ಟಿನಷ್ಟು. ಇಷ್ಟೇ ತಾನೇ ಅನಿಸಬಹುದು. ಆದರೆ ಈ ಒಂದು ಗ್ರಾಂ ಒಂದೇ ದಿನ ಕೊಟ್ಟು ಮುಗಿಸುವ ಸಾಲವಲ್ಲ. ಕಂತು ಕಂತಾಗಿಯೇ ಕಟ್ಟಬೇಕು.

ಯಾಕಂದ್ರೆ ನಮ್ಮ ಕರುಳು ಒಂದು ದಿನಕ್ಕೆ ಹೀರಿಕೊಳ್ಳುವುದು ಕೆಲವೇ ಮಿಲಿಗ್ರಾಂ ಕಬ್ಬಿಣ. ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಇದ್ದರೂ ಅದರಲ್ಲಿ ಸ್ವಲ್ಪ ಪಾಲು ಮಾತ್ರ ರಕ್ತ ಸೇರುತ್ತೆ, ಮಿಕ್ಕದ್ದು ಹೊರಗೆ ಹೋಗುತ್ತೆ. ಒಂದು ವಾರ ಬಿಟ್ಟು ಭಾನುವಾರ ಏಳು ಮಾತ್ರೆ ಒಟ್ಟಿಗೆ ನುಂಗಿದರೆ ಹೊಟ್ಟೆ ಕೆಡುತ್ತೆಯೇ ಹೊರತು ಬಾಕಿ ತೀರುವುದಿಲ್ಲ. ಬಸುರಿನ ಕೊನೆ ತಿಂಗಳುಗಳಲ್ಲಂತೂ ದಿನಕ್ಕೆ ಸುಮಾರು 6 ಮಿಲಿಗ್ರಾಂ ಕಬ್ಬಿಣ ಮೈಗೆ ಸೇರಬೇಕು. ಸೊಪ್ಪು, ಹುರುಳಿ, ರಾಗಿ ಎಲ್ಲ ಒಳ್ಳೆಯದೇ, ದಿನಾ ತಿನ್ನಿ. ಆದರೆ ಕಾಳು-ಸೊಪ್ಪಿನ ಕಬ್ಬಿಣವನ್ನು ದೇಹ ಕಡಿಮೆ ಹೀರಿಕೊಳ್ಳುತ್ತೆ. ಊಟ ಒಂದರಿಂದಲೇ ಈ ಕಂತು ಕಟ್ಟಿ ಮುಗಿಸುವುದು ಕಷ್ಟ.

ಇನ್ನು ಮೊದಲೇ ಉಳಿತಾಯ ಇದ್ದವರ ಮಾತು ಬೇರೆ. ನಮ್ಮಲ್ಲಿ ಹೆಚ್ಚಿನ ಹೆಣ್ಣುಮಕ್ಕಳು ಖಾಲಿ ಪಾಸ್ ಬುಕ್ ಹಿಡಿದೇ ಬಸುರಾಗುತ್ತಾರೆ. ತಿಂಗಳ ಮುಟ್ಟಿನಲ್ಲಿ ಹೋದದ್ದು, ಹಿಂದಿನ ಹೆರಿಗೆಯಲ್ಲಿ ಹೋದದ್ದು, ಬರಿಗಾಲಲ್ಲಿ ಗದ್ದೆ-ತೋಟ ತುಳಿದು ಕೊಕ್ಕೆಹುಳು ಸೇರಿಕೊಂಡು ಹೀರಿದ್ದು, ಮನೆಯವರೆಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡದ್ದು, ಎಲ್ಲ ಸೇರಿ ಲೆಕ್ಕ ಮೈನಸ್‌ನಲ್ಲೇ ಶುರು.

ಈ ಬಾಕಿ ವಸೂಲಾಗುವುದು ಹೆರಿಗೆಯ ದಿನ. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತೆ. ಮೈಯಲ್ಲಿ ರಕ್ತ ಚೆನ್ನಾಗಿರುವ ತಾಯಿ ಅದನ್ನು ತಡೆದುಕೊಳ್ಳುತ್ತಾಳೆ. ಹಿಮೋಗ್ಲೋಬಿನ್ 6, 7 ಇರುವ ತಾಯಿಗೆ ಅಷ್ಟೇ ರಕ್ತ ಹೋದರೂ ಜೀವಕ್ಕೆ ಅಪಾಯ. ಹೆರಿಗೆಯ ರಕ್ತಸ್ರಾವ ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ಇರುವ ದೊಡ್ಡ ಕಾರಣಗಳಲ್ಲಿ ಒಂದು ಅನ್ನುವುದನ್ನು ಮರೆಯಬಾರದು. ಮಗುವಿನ ಮಾತೂ ಅಷ್ಟೇ: ತಾಯಿಗೆ ರಕ್ತ ಕಡಿಮೆ ಇದ್ದರೆ ಮಗು ತಿಂಗಳು ತುಂಬುವ ಮೊದಲೇ ಹುಟ್ಟುವ, ತೂಕ ಕಡಿಮೆ ಇರುವ ಸಂಭವ ಹೆಚ್ಚು. ಹುಟ್ಟಿದ ಮಗು ಮೊದಲ ಆರು ತಿಂಗಳು ಬಳಸುವ ಕಬ್ಬಿಣದ ಬಹುಪಾಲು ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ತಂದುಕೊಂಡದ್ದು.

ಯಾವ ಮಾತ್ರೆ, ಎಷ್ಟು ದಿನ?

ಮೊದಲ ಮೂರು ತಿಂಗಳು ಕೊಡುವುದು ಫೋಲಿಕ್ ಆಸಿಡ್ ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಮೆದುಳು, ಬೆನ್ನುಹುರಿ ರೂಪಗೊಳ್ಳುವ ಕೊಳವೆ ಗರ್ಭ ನಿಂತ ಸುಮಾರು 28 ದಿನದೊಳಗೇ ಮುಚ್ಚಿಕೊಳ್ಳುತ್ತೆ. ಆಗ ಎಷ್ಟೋ ಜನರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಆದ್ದರಿಂದ ಮಗು ಬೇಕು ಅಂತ ಯೋಚಿಸುವಾಗಲೇ ಈ ಮಾತ್ರೆ ಶುರು ಮಾಡಬೇಕು. ಹೊಸದಾಗಿ ಮದುವೆಯಾದ ಸೊಸೆ, ಮಗಳು ಮನೆಯಲ್ಲಿದ್ದರೆ ಅವರಿಗೆ ಇದನ್ನು ಇವತ್ತೇ ಹೇಳಿ.

ಫೋಲಿಕ್ ಆಸಿಡ್ ಕಥೆಗೆ ನಮ್ಮ ದೇಶದ ಕೂಲಿ ಹೆಂಗಸರ ನಂಟು ಇದೆ. ಸ್ವಲ್ಪ ದಾರಿ ಬಿಟ್ಟು ಆ ಮಾತು ಹೇಳಿಬಿಡುತ್ತೇವೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ಡಾಕ್ಟರಮ್ಮ ಬೊಂಬಾಯಿಗೆ ಬಂದರು. ಅಲ್ಲಿ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರಲ್ಲಿ ಒಂದು ಬಗೆಯ ಗಂಭೀರ ರಕ್ತಹೀನತೆ ಕಾಣುತ್ತಿತ್ತು. ಅವರು ಏನು ತಿನ್ನುತ್ತಾರೆ ಅಂತ ಲೂಸಿ ವಿಲ್ಸ್ ವಿಚಾರಿಸಿದರು, ಆಹಾರದ ಕೊರತೆಯೇ ಕಾರಣ ಅಂತ ಕಂಡುಕೊಂಡರು. ಯೀಸ್ಟ್‌ನಿಂದ ತೆಗೆದ ಸತ್ವ ತಿನ್ನಿಸಿದಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಆ ಸತ್ವದಲ್ಲಿದ್ದದ್ದೇ ಮುಂದೆ ಫೋಲಿಕ್ ಆಸಿಡ್ ಅಂತ ಹೆಸರು ಪಡೆಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ ಎಲೆಗೆ ಲ್ಯಾಟಿನ್ ಭಾಷೆಯಲ್ಲಿರುವ ಪದದಿಂದ ಆ ಹೆಸರಿಟ್ಟರು. ನಮ್ಮ ಸೊಪ್ಪಿನ ಸಾರಿನಲ್ಲೂ ಅದೇ ಇದೆ. ಬಹಳ ಹೊತ್ತು ಬೇಯಿಸಿ, ಬಸಿದ ನೀರು ಚೆಲ್ಲಿದರೆ ಹೋಗಿಬಿಡುತ್ತೆ. ಬಸ್ಸಾರು ಮಾಡುವವರು ಪುಣ್ಯವಂತರು, ಕಟ್ಟು ಚೆಲ್ಲುವುದಿಲ್ಲ.

ನಾಲ್ಕನೇ ತಿಂಗಳಿಂದ ಕೆಂಪು ಮಾತ್ರೆ. ಇದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಎರಡೂ ಇರುತ್ತವೆ. ದಿನಕ್ಕೊಂದು, ಹೆರಿಗೆಯವರೆಗೆ, ಕಡಿಮೆಯೆಂದರೂ 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಇದು 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಲೆಕ್ಕ. "ನಮ್ಮ ಕಾಲದಲ್ಲಿ ನೂರು ಮಾತ್ರೆ ಕೊಡ್ತಿದ್ರು" ಅಂತ ಹಿರಿಯ ಸದಸ್ಯೆಯರು ಹೇಳುವುದು ನಿಜವೇ. ಈಗ ಲೆಕ್ಕ ಬದಲಾಗಿದೆ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಬಂದರೆ ದಿನಕ್ಕೆ ಎರಡು ಮಾತ್ರೆ ಹೇಳುತ್ತಾರೆ. 7ಕ್ಕಿಂತ ಕಡಿಮೆ ಅಂದರೆ ಮಾತ್ರೆ ನಂಬಿಕೊಂಡು ಮನೆಯಲ್ಲಿ ಕೂರಬಾರದು. ಡಾಕ್ಟರರೇ ನೋಡಬೇಕು, ರಕ್ತನಾಳದ ಮೂಲಕ ಐರನ್ ಕೊಡಬೇಕಾಗಬಹುದು, ರಕ್ತವೂ ಬೇಕಾಗಬಹುದು. ನಿಮ್ಮ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಷ್ಟು ಅಂತ ಬರೆದಿರುತ್ತೆ. ಓದಲು ಬಾರದವರು ಬೇರೆಯವರಿಂದ ಓದಿಸಿ, ಆ ನಂಬರ್ ಬಾಯಿಪಾಠ ಮಾಡಿಕೊಳ್ಳಿ.

ಜೊತೆಗೆ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು ಇರುತ್ತೆ. ಜಂತುಹುಳದ ಮಾತ್ರೆ ಮೂರು ತಿಂಗಳು ಕಳೆದ ಮೇಲೆ ಒಂದೇ ಸಲ, ಅದನ್ನು ಅವರು ಕೊಟ್ಟಾಗ ತೆಗೆದುಕೊಂಡರಾಯಿತು. ಇವಿಷ್ಟರ ಮೇಲೆ ಮೆಡಿಕಲ್ ಶಾಪಿನಿಂದ ನೀವಾಗಿಯೇ ಟಾನಿಕ್ಕು, "ಶಕ್ತಿ ಮಾತ್ರೆ" ತರಿಸಿಕೊಳ್ಳಬೇಡಿ. ದುಡ್ಡು ದಂಡ, ಮೇಲಾಗಿ ವಿಟಮಿನ್ ಎ ಥರದ್ದು ಹೆಚ್ಚಾದರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ.

"ಮರ್ತೋಯ್ತು" ಅನ್ನುವ ಮಾತಿನೊಳಗೆ

ಮಾತ್ರೆ ಯಾಕೆ ಉಳಿಯಿತು ಅಂತ ಕೇಳಿದರೆ ಎಲ್ಲರೂ "ಮರ್ತೋಯ್ತು ಮೇಡಂ" ಅನ್ನುತ್ತಾರೆ. ಪಕ್ಕ ಕೂತು ಸ್ವಲ್ಪ ಹೊತ್ತು ಮಾತಾಡಿದರೆ ಬೇರೆ ಮಾತು ಹೊರಬರುತ್ತೆ. ನಮ್ಮ ಅನುಭವದಲ್ಲಿ ಮರೆವು ಒಂದು ಪಾಲಾದರೆ, ಹೆದರಿಕೆ ಮತ್ತು ಹೇಸಿಗೆ ಎರಡು ಪಾಲು.

ಒಬ್ಬರಿಗೆ ಮಾತ್ರೆ ನುಂಗಿದ ಮಾರನೇ ದಿನ ಮಲ ಕಪ್ಪಗೆ ಹೋಯಿತು, ಹೆದರಿ ಬಿಟ್ಟರು. ಇದಕ್ಕೆ ಹೆದರಬೇಕಾಗಿಲ್ಲ. ದೇಹ ಹೀರಿಕೊಳ್ಳದೆ ಬಿಟ್ಟ ಕಬ್ಬಿಣವೇ ಆ ಕಪ್ಪು ಬಣ್ಣ. ಇನ್ನೊಬ್ಬರಿಗೆ ಮಲಬದ್ಧತೆ. ನೀರು ಹೆಚ್ಚು ಕುಡಿಯಬೇಕು, ಸೊಪ್ಪು, ಪಪ್ಪಾಯಿ ಬೇಡ ಅನ್ನುವ ಮನೆಯಲ್ಲಿ ಬಾಳೆಹಣ್ಣು, ಸೀಬೆಹಣ್ಣು ತಿನ್ನಬೇಕು, ಸ್ವಲ್ಪ ನಡೆದಾಡಬೇಕು. ಮತ್ತೊಬ್ಬರಿಗೆ ವಾಕರಿಕೆ, ಬಾಯಲ್ಲಿ ತುಕ್ಕಿನ ರುಚಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವುದು ಬಿಟ್ಟು ರಾತ್ರಿ ಮಲಗುವ ಹೊತ್ತಿಗೆ ನುಂಗಿದರೆ ಬಹಳ ಮಂದಿಗೆ ಇದು ಕಡಿಮೆಯಾಗುತ್ತೆ, ನಿದ್ದೆಯಲ್ಲಿ ಕಳೆದುಹೋಗುತ್ತೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮೈ ಒಗ್ಗಿಕೊಳ್ಳುತ್ತೆ. ಒಗ್ಗದಿದ್ದರೆ ಸುಮ್ಮನೆ ಬಿಟ್ಟುಬಿಡಬೇಡಿ. ನರ್ಸಮ್ಮನಿಗೆ ಹೇಳಿ, ದಾರಿ ಇದೆ.

"ಮಾತ್ರೆ ನುಂಗಿದ್ರೆ ಮಗು ದಪ್ಪ ಆಗುತ್ತೆ, ಆಪರೇಷನ್ನೇ ಗತಿ" ಅನ್ನುವ ಮಾತು ಊರೂರಲ್ಲಿ ಇದೆ. ಈ ಮಾತ್ರೆ ಮಗುವನ್ನು ಹೆರಲಾಗದಷ್ಟು ದಪ್ಪ ಮಾಡುವುದಿಲ್ಲ. ಅದರ ಕೆಲಸ ರಕ್ತ ತುಂಬುವುದು. ಮಗು ಕಪ್ಪಗೆ ಹುಟ್ಟುತ್ತೆ ಅನ್ನುವುದೂ ಸುಳ್ಳು. ಮಗುವಿನ ಬಣ್ಣ ಅಪ್ಪ-ಅಮ್ಮನ ಮನೆತನದಿಂದ ಬರುವುದು, ಮಾತ್ರೆಯಿಂದಲ್ಲ. (ಕಪ್ಪಗಿದ್ದರೇನು ಕಡಿಮೆ ಅಂತ ಕೇಳುವ ಅಜ್ಜಿಯರು ನಮ್ಮ ಸಂಘಗಳಲ್ಲಿ ಇನ್ನಷ್ಟು ಜನ ಬೇಕು.) "ಉಷ್ಣ ಆಗುತ್ತೆ" ಅನ್ನುವವರಿಗೆ ನಾವು ಹೇಳುವುದು: ನೀರು, ಮಜ್ಜಿಗೆ ಹಗಲಲ್ಲಿ ಚೆನ್ನಾಗಿ ಕುಡಿಯಿರಿ, ಮಾತ್ರೆ ರಾತ್ರಿ ನುಂಗಿ.

ಇನ್ನು ಕೆಲವರು "ನಾನು ಚೆನ್ನಾಗೇ ಇದೀನಲ್ಲ" ಅನ್ನುತ್ತಾರೆ. ರಕ್ತಹೀನತೆ ನಿಧಾನಕ್ಕೆ ಬರುವ ಕಾಯಿಲೆ, ಮೈ ಅದಕ್ಕೆ ಹೊಂದಿಕೊಂಡು ಬಿಡುತ್ತೆ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಸುಸ್ತು, ಕಣ್ಣು ಕತ್ತಲೆ ಇದ್ದರೂ "ಬಸುರಿಯರಿಗೆ ಇದೆಲ್ಲ ಇದ್ದದ್ದೇ" ಅಂತ ತಳ್ಳಿಹಾಕುತ್ತೇವೆ. ಚೆನ್ನಾಗಿದ್ದೀನಿ ಅನ್ನುವುದನ್ನು ರಕ್ತ ಪರೀಕ್ಷೆ ಹೇಳಬೇಕು.

ನಿಜವಾದ ಮರೆವಿಗೆ ಏನು ಮಾಡಬೇಕು?

ಹೆದರಿಕೆ ಹೋದ ಮೇಲೂ ಮರೆವು ಉಳಿಯುತ್ತೆ. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಓಡುವವರು, ಹಾಲು ಕರೆಯುವವರು, ಬೀಡಿ ಕಟ್ಟುವವರು, ಇನ್ನೊಂದು ಎಳೆ ಮಗುವನ್ನು ಸೊಂಟದಲ್ಲಿ ಹೊತ್ತವರು ಮರೆಯದೆ ಇನ್ನೇನು? ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಮಾತ್ರೆಗೆ ಒಂದು ಹೊತ್ತು ಬೇಕು, ಒಂದು ಜಾಗ ಬೇಕು, ಕೇಳುವವರು ಒಬ್ಬರು ಬೇಕು.

ಹೊತ್ತು ಅಂದರೆ ಗಡಿಯಾರದ ಹೊತ್ತಲ್ಲ, ದಿನಾ ತಪ್ಪದೆ ಮಾಡುವ ಒಂದು ಕೆಲಸ. ಒಬ್ಬ ಸದಸ್ಯೆ ರಾತ್ರಿ ಟಿವಿ ಧಾರಾವಾಹಿ ಮುಗಿದ ಕೂಡಲೇ ನುಂಗುತ್ತಾರೆ. "ಧಾರಾವಾಹಿ ಮರೀತೀನಾ? ಹಾಗಾಗಿ ಮಾತ್ರೇನೂ ಮರೆಯಲ್ಲ" ಅನ್ನುವುದು ಅವರ ಮಾತು. ಇನ್ನೊಬ್ಬರು ಹಾಸಿಗೆ ಬಿಡಿಸುವಾಗ. ಸಂಜೆ ಪ್ರಾರ್ಥನೆ ಆದ ಮೇಲೆ, ದೀಪ ಹಚ್ಚಿದ ಮೇಲೆ, ರಾತ್ರಿ ಬಾಗಿಲಿಗೆ ಚಿಲಕ ಹಾಕಿದ ಮೇಲೆ, ಯಾವುದಾದರೂ ಸರಿ. ನಿಮ್ಮ ಮನೆಯಲ್ಲಿ ಒಂದು ದಿನವೂ ತಪ್ಪದ ಕೆಲಸ ಯಾವುದು ಅಂತ ನೀವೇ ಆರಿಸಿ.

ಆದರೆ ಹೊತ್ತು ಆರಿಸುವಾಗ ಎರಡು ವಿಷಯ ನೋಡಬೇಕು. ಟೀ, ಕಾಫಿ, ಹಾಲಿನ ಜೊತೆ ಐರನ್ ಮಾತ್ರೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾತ್ರೆಗೂ ಟೀಗೂ ನಡುವೆ ಒಂದು ಗಂಟೆಯಾದರೂ ಇರಲಿ. ನಿಂಬೆಹಣ್ಣಿನ ನೀರಲ್ಲಿ ನುಂಗಿದರೆ, ಇಲ್ಲವೇ ಜೊತೆಗೆ ಒಂದು ನೆಲ್ಲಿಕಾಯಿ ತಿಂದರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನಂತೂ ಐರನ್ ಜೊತೆ ನುಂಗಲೇಬಾರದು, ಎರಡು ಗಂಟೆ ಅಂತರ ಬೇಕು. ಎಲ್ಲ ಮಾತ್ರೆ ಒಟ್ಟಿಗೆ ಅಂಗೈಗೆ ಹಾಕಿಕೊಂಡು ಒಂದೇ ಗುಟುಕಿಗೆ ನುಂಗಿ "ಮುಗೀತು" ಅನ್ನುವವರನ್ನು ನಾವು ಬಹಳ ಕಂಡಿದ್ದೇವೆ. ಅವರಿಗೆ ನಾವು ಹೇಳುವ ಸುಲಭ ದಾರಿ: ಕ್ಯಾಲ್ಸಿಯಂ ಬೆಳಗಿನ ತಿಂಡಿ ಆದಾಗ ಒಂದು, ಮಧ್ಯಾಹ್ನದ ಊಟ ಆದಾಗ ಒಂದು. ಕೆಂಪು ಮಾತ್ರೆ ರಾತ್ರಿ, ಊಟವಾಗಿ ಸ್ವಲ್ಪ ಹೊತ್ತು ಕಳೆದು ಮಲಗುವ ಮುಂಚೆ. ಅಂಗನವಾಡಿಗೆ ಮಾತೃಪೂರ್ಣ ಊಟಕ್ಕೆ ಹೋಗುವವರು ಅಲ್ಲೇ ಟೀಚರ ಎದುರು ಕೆಂಪು ಮಾತ್ರೆ ನುಂಗುವುದಾದರೆ ಅದೂ ಬಹಳ ಒಳ್ಳೆಯದು, ಮರೆಯುವ ಮಾತೇ ಇಲ್ಲ. ಆಗ ಎರಡನೇ ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಹೋಗಲಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಇವೆರಡಕ್ಕೂ ನಾಲ್ಕು ಗಂಟೆ ಅಂತರ ಇಡಬೇಕು.

ಜಾಗ ಅಂದರೆ ಕಣ್ಣಿಗೆ ಬೀಳುವ ಜಾಗ. ಗೂಡಿನ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಮಾತ್ರೆ ಯಾರಿಗೆ ನೆನಪಾಗುತ್ತೆ? ಆ ರಾತ್ರಿಯ ಕೆಲಸ ನಡೆಯುವ ಜಾಗದ ಹತ್ತಿರವೇ ಇಡಿ. ಆದರೆ ಎತ್ತರದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಇದನ್ನು ಒತ್ತಿ ಹೇಳುತ್ತೇವೆ. ಕೆಂಪಗೆ, ಮೇಲೆ ಸಕ್ಕರೆ ಲೇಪ ಇರುವ ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರ್‌ಮಿಂಟ್ ಹಾಗೆ ಕಾಣುತ್ತೆ. ಸಣ್ಣ ಮಗು ನಾಲ್ಕಾರು ಮಾತ್ರೆ ತಿಂದರೆ ಅದು ವಿಷ, ಪ್ರಾಣಕ್ಕೇ ಅಪಾಯ. ಹಾಗೇನಾದರೂ ಆದರೆ ವಾಂತಿ ಮಾಡಿಸುತ್ತಾ ಕೂರದೆ, ಸ್ಟ್ರಿಪ್ ಸಮೇತ ಕೂಡಲೇ ಆಸ್ಪತ್ರೆಗೆ ಓಡಿ. ಗೋಡೆಗೆ ಮೊಳೆ ಹೊಡೆದು ಮುಚ್ಚಳವಿರುವ ಡಬ್ಬ ನೇತುಹಾಕಿದರೆ ಕಣ್ಣಿಗೂ ಬೀಳುತ್ತೆ, ಮಕ್ಕಳಿಗೂ ಎಟಕುವುದಿಲ್ಲ.

ನುಂಗಿದೆನೋ ಇಲ್ಲವೋ ಅನ್ನುವ ಅನುಮಾನ ಇನ್ನೊಂದು ತೊಂದರೆ. ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದೇ ಮನೆಯಲ್ಲಿ ಮಾತ್ರೆಗೂ ಒಂದು ಗೀಟು ಹಾಕಿ. ಸ್ಟ್ರಿಪ್ಪಿನ ಹಿಂದೆ ಪೆನ್ನಿನಿಂದ ತಾರೀಖು ಬರೆದಿಟ್ಟರೂ ಆಯಿತು. ಬರೆಯಲು ಬಾರದ ಸದಸ್ಯೆಯೊಬ್ಬರು ಮಾಡಿದ ಉಪಾಯ ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ಒಂದು ಲೋಟದಲ್ಲಿ ಮೂವತ್ತು ಹುಣಸೆಬೀಜ ಹಾಕಿಟ್ಟಿದ್ದರು. ಮಾತ್ರೆ ನುಂಗಿದಾಗ ಒಂದು ಬೀಜ ಇನ್ನೊಂದು ಲೋಟಕ್ಕೆ. ಬೀಜ ಖಾಲಿಯಾದರೆ ತಿಂಗಳು ಮುಗಿಯಿತು, ಆಶಾಗೆ ಹೇಳಿಕಳಿಸುವ ಹೊತ್ತು ಬಂತು.

ಮೊಬೈಲ್ ಇದ್ದವರು ಅಲಾರಂ ಇಡಬಹುದು. ಮನೆಯಲ್ಲಿರುವ ಒಂದೇ ಫೋನು ಗಂಡನ ಜೇಬಿನಲ್ಲಿದ್ದರೆ ಅವರ ಫೋನಿನಲ್ಲೇ ಇಡಿಸಿ. ರಾತ್ರಿ ಅದು ಬಡಿದುಕೊಂಡಾಗ "ಏನಿದು?" ಅಂತ ಅವರೇ ಬಂದು ಕೇಳುತ್ತಾರೆ. ಮಗು ಇಬ್ಬರದ್ದೂ ತಾನೇ, ನೆನಪಿಸುವ ಕೆಲಸವೂ ಇಬ್ಬರದ್ದಾಗಲಿ.

ಒಂದು ದಿನ ಮರೆತೇಹೋದರೆ? ಮಲಗುವುದರೊಳಗೆ ನೆನಪಾದರೆ ಆಗಲೇ ನುಂಗಿ. ಮಾರನೇ ದಿನ ನೆನಪಾದರೆ ಆ ದಿನದ್ದು ಮಾತ್ರ ನುಂಗಿ, ನಿನ್ನೆಯದನ್ನು ಸೇರಿಸಬೇಡಿ. ನಾಲ್ಕು ದಿನ ತಪ್ಪಿತು ಅಂತ ನಾಚಿಕೊಂಡು ಪೂರ್ತಿ ಬಿಟ್ಟುಬಿಡುವವರಿದ್ದಾರೆ. ಅದು ಮಾತ್ರ ಬೇಡ. ಕಂತು ತಪ್ಪಿದವರು ಸಂಘ ಬಿಟ್ಟು ಹೋಗ್ತಾರಾ? ಮುಂದಿನ ವಾರ ಬಂದು ಕಟ್ತಾರೆ.

ತವರಿಗೆ ಹೊರಟಾಗ

ಒಂದು ಕಡೆ ಮಾತ್ರ ಸರಪಳಿ ಪದೇ ಪದೇ ಕಡಿಯುವುದನ್ನು ನಾವು ಗಮನಿಸಿದ್ದೇವೆ. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಆಗುತ್ತೆ, ಹಸಿರು ಬಳೆ ತೊಟ್ಟು ಹುಡುಗಿ ತವರಿಗೆ ಹೊರಡುತ್ತಾಳೆ. ಸೀರೆ, ತಿಂಡಿ ಡಬ್ಬ, ಹೂವು ಎಲ್ಲ ಬ್ಯಾಗಿಗೆ ಸೇರುತ್ತೆ. ಮಾತ್ರೆ ಗಂಡನ ಮನೆ ಗೂಡಿನಲ್ಲೇ ಉಳಿಯುತ್ತೆ. ಇಲ್ಲಿಯ ಆಶಾ "ತವರಿಗೆ ಹೋದಳು" ಅಂದುಕೊಳ್ಳುತ್ತಾರೆ, ಅಲ್ಲಿಯ ಆಶಾಗೆ ಬಂದದ್ದೇ ಗೊತ್ತಿರುವುದಿಲ್ಲ. ಮಗು ಅತಿ ಹೆಚ್ಚು ಕಬ್ಬಿಣ ಕೇಳುವ ಕೊನೆ ತಿಂಗಳುಗಳಲ್ಲೇ ಮಾತ್ರೆ ನಿಂತುಹೋಗುತ್ತೆ.

ಆದ್ದರಿಂದ ಸೀಮಂತದ ದಿನ ಬ್ಯಾಗಿನಲ್ಲಿ ಮೊದಲು ಇಡಬೇಕಾದ್ದು ತಾಯಿ ಕಾರ್ಡ್ ಮತ್ತು ಹೆರಿಗೆಯವರೆಗೆ ಸಾಕಾಗುವಷ್ಟು ಮಾತ್ರೆ. ಹೊರಡುವ ವಾರ ಮುಂಚೆಯೇ ಆಶಾಗೆ ಹೇಳಿ ತರಿಸಿಕೊಳ್ಳಿ. ತವರಿಗೆ ಹೋದ ಎರಡು ದಿನದೊಳಗೆ ಅಲ್ಲಿಯ ಆಶಾ ಅಥವಾ ಅಂಗನವಾಡಿಗೆ ತಾಯಿ ಕಾರ್ಡ್ ತೋರಿಸಿ ಹೆಸರು ಹೇಳಬೇಕು. ಮಗಳನ್ನು ಕರೆತರುವ ಅಮ್ಮಂದಿರು ಈ ಮಾತು ನೆನಪಿಡಿ. "ಬ್ಯಾಗಲ್ಲಿ ಮಾತ್ರೆ ಇದೆಯೇನಮ್ಮಾ?" ಅಂತ ಬಸ್ಸು ಹತ್ತುವ ಮೊದಲು ಕೇಳಿ.

ಬಾಣಂತನದಲ್ಲೂ ಹೀಗೇ. ಮಗು ಬಂತು, ಎಲ್ಲರ ಗಮನ ಮಗುವಿನ ಮೇಲೆ. ತಾಯಿಯ ಮಾತ್ರೆ ಯಾರಿಗೂ ಬೇಡ. ಮೇಲೆ ಪಥ್ಯ ಬೇರೆ: ಸೊಪ್ಪು ಬೇಡ, ಹಣ್ಣು ಬೇಡ, ಬರೀ ಅನ್ನ-ಮೆಣಸಿನ ಸಾರು. ಹೆರಿಗೆಯಲ್ಲಿ ರಕ್ತ ಕಳೆದುಕೊಂಡು, ಹಾಲೂಡಿಸುವ ಮೈಗೆ ಇದು ಸಾಲದು. ಹೆರಿಗೆಯಾದ ಮೇಲಿನ 180 ಮಾತ್ರೆ ಆ ಕಳೆದುಕೊಂಡದ್ದನ್ನು ಮತ್ತೆ ಜಮಾ ಮಾಡುವುದಕ್ಕೆ. ಹಾಲು ಕುಡಿಯುವ ಮಗುವಿಗೆ ಇದರಿಂದ ಏನೂ ಆಗುವುದಿಲ್ಲ. ಮಗುವಿಗೆ ಲಸಿಕೆ ಹಾಕಿಸಲು ಹೋದ ದಿನ ನಿಮ್ಮ ಮಾತ್ರೆಯನ್ನೂ ಕೇಳಿ ಪಡೆಯಿರಿ.

ಸಂಘ ಏನು ಮಾಡಬಹುದು?

ಕೆಲವು ಸಂಘಗಳು ಈಗಾಗಲೇ ಒಂದು ಕ್ರಮ ಇಟ್ಟುಕೊಂಡಿವೆ. ಬಸುರಿ ಸದಸ್ಯೆಗೆ ಪಕ್ಕದ ಮನೆಯ ಇನ್ನೊಬ್ಬ ಸದಸ್ಯೆಯನ್ನು ಜೊತೆಗಾತಿ ಅಂತ ನೇಮಿಸುತ್ತಾರೆ. ವಾರಕ್ಕೊಮ್ಮೆ ಜೊತೆಗಾತಿ ಮನೆಗೆ ಹೋಗಿ ಖಾಲಿ ಸ್ಟ್ರಿಪ್ ನೋಡುತ್ತಾರೆ, ವಾಂತಿ, ಮಲಬದ್ಧತೆ ಏನಾದರೂ ಇದೆಯಾ ಅಂತ ಕೇಳುತ್ತಾರೆ. ಎರಡು ವಾರದೊಳಗೆ ಮಾತ್ರೆ ಮುಗಿಯುವ ಹಾಗಿದ್ದರೆ ಆಶಾಗೆ ತಿಳಿಸುತ್ತಾರೆ. ಉಪಕೇಂದ್ರದಲ್ಲಿ ಸ್ಟಾಕ್ ಇಲ್ಲ ಅಂದರೆ ಸುಮ್ಮನೆ ಹಿಂತಿರುಗದೆ, ಸಂಘದ ಹೆಸರಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ ಒಂದು ಅರ್ಜಿ ಬರೆದುಕೊಡಿ. ಒಬ್ಬರು ಕೇಳಿದ್ದಕ್ಕಿಂತ ಇಪ್ಪತ್ತು ಸಹಿಯ ಕಾಗದಕ್ಕೆ ಬೆಲೆ ಹೆಚ್ಚು, ಇದು ನಿಮಗೆ ಬ್ಯಾಂಕಿನಲ್ಲೇ ಗೊತ್ತಾಗಿದೆ.

ಮಾತ್ರೆ ತಪ್ಪಿಸಿದವರಿಗೆ ಐದು ರೂಪಾಯಿ ದಂಡ ಹಾಕೋಣ ಅನ್ನುವ ಸಲಹೆಯೂ ಬರುವುದುಂಟು. ನಾವು ಇದಕ್ಕೆ ಒಪ್ಪುವುದಿಲ್ಲ. ದಂಡ ಹಾಕಿದರೆ ಮಾತ್ರೆ ಹೊಟ್ಟೆಗೆ ಹೋಗುವುದಿಲ್ಲ, ಚರಂಡಿಗೆ ಹೋಗುತ್ತೆ, ಖಾಲಿ ಸ್ಟ್ರಿಪ್ ಮಾತ್ರ ಸಭೆಗೆ ಬರುತ್ತೆ. ಎಲ್ಲರ ಎದುರು ಕೇಳಿ ಮುಖ ಸಣ್ಣದು ಮಾಡುವುದೂ ಬೇಡ. ಕೆಲವರು ಬಸುರಿಯಾದ ವಿಷಯವನ್ನೇ ಮೊದಲ ತಿಂಗಳುಗಳಲ್ಲಿ ಹೇಳಲು ಇಷ್ಟಪಡುವುದಿಲ್ಲ, ಅದನ್ನೂ ಗೌರವಿಸಬೇಕು.

ಇನ್ನೊಂದು ಮಾತು ನಮ್ಮ ಹಿರಿಯ ಸದಸ್ಯೆಯರಿಗೆ, ಅಂದರೆ ಅತ್ತೆಯಂದಿರಿಗೆ. ಮನೆಯಲ್ಲಿ ಯಾವುದು ಉಷ್ಣ, ಯಾವುದು ತಂಪು, ಸೊಸೆ ಏನು ತಿನ್ನಬೇಕು ಅಂತ ತೀರ್ಮಾನಿಸುವುದು ನೀವೇ. ನೀವು ಬೇಡ ಅಂದರೆ ಆಶಾ, ನರ್ಸಮ್ಮ, ನಾವು ಎಷ್ಟು ಹೇಳಿದರೂ ಆ ಹುಡುಗಿ ಮಾತ್ರೆ ಮುಟ್ಟುವುದಿಲ್ಲ. ನೀವೇ ರಾತ್ರಿ ಒಂದು ಲೋಟ ನೀರು, ಒಂದು ಕೆಂಪು ಮಾತ್ರೆ ಕೈಗೆ ಕೊಟ್ಟು "ತಗೋಮ್ಮ" ಅಂದರೆ ಅಲಾರಂ, ಹುಣಸೆಬೀಜ ಯಾವುದೂ ಬೇಕಾಗಿಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಲ್ಲಿ, ನಮ್ಮ ಮನೆಗಳಲ್ಲಿ ಈಗ ಬಸುರಿಯರು, ಬಾಣಂತಿಯರು ಎಷ್ಟು ಜನ ಇದ್ದಾರೆ? ಅವರ ಹಿಮೋಗ್ಲೋಬಿನ್ ಎಷ್ಟು ಅಂತ ಅವರಿಗೆ ಗೊತ್ತಿದೆಯಾ? ಜೊತೆಗಾತಿಯಾಗಲು ಯಾರು ಯಾರು ಮುಂದೆ ಬರುತ್ತೀರಿ? ಹೆಸರುಗಳನ್ನು ನಡವಳಿ ಪುಸ್ತಕದಲ್ಲಿ ಬರೆದಿಡಿ. ಮಾತ್ರೆ ನೆನಪಿಡಲು ನಿಮ್ಮಲ್ಲಿ ಯಾರಾದರೂ ಹೊಸ ಉಪಾಯ ಮಾಡಿದ್ದರೆ ನಮ್ಮ ಕಾರ್ಯಕರ್ತೆ ಬಂದಾಗ ಹೇಳಿ, ಬೇರೆ ಸಂಘಗಳಿಗೂ ತಿಳಿಸುತ್ತೇವೆ.